ಒಂದು ಪಟ್ಟಾ ಜಾಸ್ತಿ

ನಮ್ಮ ಮನೆಯ ಕ್ವಾಲಿಸ್ 2003ರದ್ದು. ಟೊಯೊಟಾದವರು 2000ದಿಂದ 2005ರವರೆಗೆ ಬಿಡದಿಯಲ್ಲಿ ಮಾಡಿದ ಗಾಡಿ. ಆಗ ನಮ್ಮ ಶ್ರೀನಿವಾಸಪುರದ ಕಡೆ ಎಸ್‌ಯುವಿ ಅಂತ ಯಾರೂ ಅಂತಿರಲಿಲ್ಲವಂತೆ, ‘ದೊಡ್ಡ ಗಾಡಿ’ ಅಷ್ಟೇ. ಹದಿನೈದು ವರ್ಷ ಆದ ಮೇಲೆ ಆರ್‌ಸಿ ಎರಡು ಸಲ ರಿನ್ಯೂ ಆಗಿದೆ, ಮುಂದಿನದು 2028ಕ್ಕೆ. ಅಲ್ಲಿವರೆಗೂ ಇಟ್ಕೊಳ್ಳೋದಾ, ಗುಜರಿಗೆ ಹಾಕೋದಾ ಅನ್ನೋದು ಮನೆಯಲ್ಲಿ ದೊಡ್ಡ ಜಗಳವೇ ಆಗಿತ್ತು.

ಅಜ್ಜಿಯನ್ನ ಕೋಲಾರಕ್ಕೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋದು ಇದರಲ್ಲೇ. ಮಾಲೂರಿನ ಅತ್ತೆ ಮನೆಗೆ ಹೋಗುವಾಗ ಕೋಲಾರ ದಾಟಿ ಹೈವೇ ಹತ್ತಿ 70 ಮುಟ್ಟಿದರೆ ಸಾಕು, ಗಾಡಿ ತೇಲೋಕೆ ಶುರು. ಒಂದೇ ಕಡೆ ಎಳೆಯೋದಲ್ಲ, ಸ್ವಲ್ಪ ಹೊತ್ತು ಎಡಕ್ಕೆ, ಆಮೇಲೆ ಬಲಕ್ಕೆ. ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ವಾಪಸ್ ಬರ್ತಿರಲಿಲ್ಲ. ಪಕ್ಕದಲ್ಲಿ ಲಾರಿ ಬಂದರೆ ಅಜ್ಜಿ ಕಣ್ಣು ಮುಚ್ಚಿಬಿಡೋರು.

ಒಂದೇ ವರ್ಷದಲ್ಲಿ ಎರಡು ಸಲ ಕಂಪ್ಯೂಟರ್ ಅಲೈನ್‌ಮೆಂಟ್ ಆಯ್ತು. ಎರಡೂ ಸಲ ಟೈ ರಾಡ್ ತಿರುಗಿಸಿ ಟೋ ಸರಿ ಮಾಡಿದ್ರು, ಪರದೆಯ ಮೇಲೆ ಹಸಿರು ಬಣ್ಣ ಬಂತು, ದುಡ್ಡು ತಗೊಂಡ್ರು. ಟೋ ಅಂದ್ರೆ ಮುಂದಿನ ಎರಡು ಚಕ್ರ ಒಳಮುಖವಾಗಿವೆಯಾ ಹೊರಮುಖವಾಗಿವೆಯಾ ಅನ್ನೋ ಲೆಕ್ಕ. ಆದರೆ ನಮ್ಮ ಗಾಡಿಯ ರೋಗ ಅಲ್ಲಿರಲೇ ಇಲ್ಲ.

ಅದನ್ನ ಹಿಡಿದದ್ದು ಮುಳಬಾಗಿಲಿನ ಒಬ್ಬ ಮೇಸ್ತ್ರಿ. ಸ್ಟೀರಿಂಗ್ ಮುಟ್ಟಲೇ ಇಲ್ಲ. ದೂರ ನಿಂತು ಗಾಡಿಯನ್ನ ಪಕ್ಕದಿಂದ ನೋಡಿ, “ಹಿಂದೆ ಎಷ್ಟು ಪಟ್ಟಾ ಹಾಕ್ಸಿದೀರಾ ಅಣ್ಣ?” ಅಂತ ಅಪ್ಪನನ್ನ ಕೇಳಿದ್ರು.

ಒಂದು ಜಾಸ್ತಿ. ಮಾವಿನ ಸೀಸನ್ನಿನಲ್ಲಿ ಕ್ರೇಟುಗಳ ಭಾರಕ್ಕೆ ಹಿಂಭಾಗ ಕೂತ್ಕೊಳ್ಳುತ್ತೆ ಅಂತ ಅಪ್ಪ ಹಾಕ್ಸಿದ್ದು. ನಮ್ಮ ತಾಲ್ಲೂಕಿನಲ್ಲಿ ಇದು ತೀರಾ ಸಾಮಾನ್ಯ. ಕ್ರೇಟು ಇಳಿಸಿದ ಮೇಲೆ ಬಾಲ ಎತ್ತಿದ ಕೋಳಿ ಥರ ನಿಲ್ಲೋ ಗಾಡಿಗಳು ಬೇಕಾದಷ್ಟಿವೆ.

ಕ್ಲಾಸಲ್ಲಿ ನಾವು ಓದಿದ್ದ ಕ್ಯಾಸ್ಟರ್ ಅರ್ಥವಾಗಿದ್ದು ಅವತ್ತು. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತಲ್ಲ, ಅದಕ್ಕೇ ಕೈ ಬಿಟ್ಟರೂ ಅದು ನೇರ ಹೋಗುತ್ತೆ. ಜೀಪು ಕಾರಿಗೂ ಅದೇ ವಾಲು ಬೇಕು. ಎರಡು ಆಕ್ಸಲ್ ನಡುವೆ ಸುಮಾರು ಎರಡೂವರೆ ಮೀಟರ್ ಇರುವ ಗಾಡಿಯ ಹಿಂಭಾಗ 45 ಮಿಲಿಮೀಟರ್ ಎದ್ದರೆ ಹತ್ತಿರ ಹತ್ತಿರ 1 ಡಿಗ್ರಿ ಕ್ಯಾಸ್ಟರ್ ಹೋಯ್ತು. ಇರೋದೇ ಕೆಲವೇ ಡಿಗ್ರಿ! ಸಾಲದ್ದಕ್ಕೆ ಮುಂದಿನ ಟಾರ್ಷನ್ ಬಾರ್‌ಗಳು ವಯಸ್ಸಾಗಿ ಜಗ್ಗಿದ್ದವು. ಮೂತಿ ಕೆಳಗಾದಾಗ ಚಕ್ರದ ತಲೆ ಒಳಕ್ಕೆ ವಾಲುತ್ತೆ, ನಮ್ಮ ಟೈರುಗಳು ಒಳಬದಿ ಮಾತ್ರ ಬೋಳಾಗಿದ್ದು ಅದಕ್ಕೆ.

ಮೇಸ್ತ್ರಿ ಮೊದಲು ಜಾಕ್ ಹಾಕಿ ಚಕ್ರ ಅಲ್ಲಾಡಿಸಿದ್ರು. ಕೆಳಗಿನ ಆರ್ಮಿನ ಬುಷ್ ಹರಿದಿತ್ತು, ಒಂದು ಬಾಲ್ ಜಾಯಿಂಟ್ ಆಡ್ತಿತ್ತು. “ಇದು ಲೂಸ್ ಇದ್ರೆ ಕಂಪ್ಯೂಟರ್ ಏನ್ ಮಾಡ್ತದಪ್ಪಾ? ನಿಂತಾಗ ಒಂದ್ ನಂಬರು, ಓಡ್ದಾಗ ಒಂದ್ ನಂಬರು” ಅಂದ್ರು. ನಮ್ಮ ಪ್ರಕಾರ ಆ ಎರಡು ಅಲೈನ್‌ಮೆಂಟಿನ ಬಿಲ್ಲಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಅವೆರಡೂ ಹೊಸದಾದವು.

ಜಗಳ ಆಗಿದ್ದು ಪಟ್ಟಾ ತೆಗೆಯೋ ವಿಷಯಕ್ಕೆ. “ಕಾಯಿ ಏನು ತಲೆ ಮೇಲೆ ಹೊತ್ಕೊಂಡು ಹೋಗ್ಲಾ?” ಅಂತ ಅಪ್ಪ ರೇಗಿದ್ರು. ಮೇಸ್ತ್ರಿ ಮಾತಾಡಲಿಲ್ಲ, ಬೋಳಾದ ಟೈರಿನ ಒಳಬದಿ ಬೆರಳಿಟ್ಟು ತೋರಿಸಿದ್ರು. ಒಳಗಿನ ದಾರ ಕಾಣ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು “ತೆಗೀರಿ” ಅಂದ್ರು.

ಆಮೇಲಿನದು ಪೂರ್ತಿ ಅಳತೆಯ ಕೆಲಸ. ಟಾರ್ಷನ್ ಬಾರಿನ ಬೋಲ್ಟ್ ಸ್ವಲ್ಪ ಸ್ವಲ್ಪವೇ ತಿರುಗಿಸೋದು, ಗಾಡಿಯನ್ನ ಕುಲುಕಿಸಿ ಹಿಂದೆ ಮುಂದೆ ತಳ್ಳೋದು (ತಳ್ಳಿದ್ದು ನಾವು ಅಣ್ಣತಮ್ಮಂದಿರಿಬ್ಬರು), ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿಯೋದು. ಎತ್ತರ ಸಮ ಆದ ಮೇಲೆ ಮೇಲಿನ ಆರ್ಮಿಗೆ ಶಿಮ್ ಸೇರಿಸಿ, ತೆಗೆದು, ಕ್ಯಾಸ್ಟರ್, ಕ್ಯಾಂಬರ್. ಟೋ ಎಲ್ಲಕ್ಕಿಂತ ಕೊನೆಗೆ, ಯಾಕಂದ್ರೆ ಮೇಲಿನ ಯಾವುದನ್ನ ಮುಟ್ಟಿದರೂ ಅದು ಬದಲಾಗುತ್ತೆ.

ಶ್ರೀನಿವಾಸಪುರಕ್ಕೆ ವಾಪಸ್ ಬರುವಾಗ ಪ್ರತಿ ತಿರುವು ಮುಗಿದಾಗಲೂ ಸ್ಟೀರಿಂಗ್ ಅಪ್ಪನ ಅಂಗೈಯೊಳಗೆ ಜಾರಿ ತಾನೇ ನೇರವಾಗ್ತಿತ್ತು. ಹೊಂಡ ಬಂದಾಗ ಮಾತ್ರ ಹಿಂಭಾಗ ಮೊದಲಿಗಿಂತ ಮೆತ್ತಗೆ. ಈ ಸಲದ ಕಾಯಿಗೆ ಅಪ್ಪ ಟೆಂಪೋ ಬಾಡಿಗೆ ಮಾತಾಡಿದ್ದಾರೆ. ತೆಗೆದ ಪಟ್ಟಾ ಮಾತ್ರ ಗುಜರಿಗೆ ಕೊಟ್ಟಿಲ್ಲ, ಎಣ್ಣೆ ಸವರಿ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದಾರೆ.