ಗೊಬ್ಬರ ಹಾಕಬಾರದ ನೆಲ

ಮಂಡ್ಯ ಕಡೆಯ ರೈತರ ಮನೆಯಲ್ಲಿ ಹುಟ್ಟಿದವರಿಗೆ ಸುಲಭಕ್ಕೆ ಅರಗದ ಮಾತೊಂದಿದೆ: ಕೆಲವು ನೆಲ ಸರಿಹೋಗಬೇಕಂದ್ರೆ ಅದರ ಸಾರ ಇಳಿಸಬೇಕು. ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಹೊಂಗೆಸೊಪ್ಪು ಅಂತ ನೆಲಕ್ಕೆ ಉಣಿಸೋದನ್ನೇ ನೋಡಿ ಬೆಳೆದವಳು ನಾನು.

ಕೆಲಸಕ್ಕೆ ಅಂತ ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಮೇಲೆ ತಿಂಗಳಿಗೆ ಎರಡು ಶನಿವಾರ ಊರಂಚಿನ ಹಳೆಯ ಸೇಬಿನ ತೋಟಕ್ಕೆ ಹೋಗ್ತೀನಿ. ಹತ್ತು ಹನ್ನೆರಡು ಜನ ವಾಲಂಟಿಯರ್‌ಗಳು, ಹೆಚ್ಚಿನವರು ರಿಟೈರ್ ಆದವರು. ಮುಳ್ಳುಪೊದೆ ಕಡಿಯೋದು, ಚಳಿಗಾಲದಲ್ಲಿ ಕೊಂಬೆ ಸವರೋದು, ಸತ್ತ ಮರದ ಜಾಗದಲ್ಲಿ ಕಸಿಗಿಡ ನೆಡೋದು ನಮ್ಮ ಕೆಲಸ. ಪೊಳ್ಳಾದ ಮುದಿ ಮರಗಳನ್ನು ಮಾತ್ರ ಮುಟ್ಟೋ ಹಾಗಿಲ್ಲ. ನೋಬಲ್ ಚೇಫರ್ ಅನ್ನೋ ಅಪರೂಪದ ಹಸಿರು ದುಂಬಿಯ ಮರಿಹುಳು ಬೆಳೆಯೋದು ಅಂಥ ಕೊಳೆತ ತಿರುಳಿನಲ್ಲೇ. ಇನ್ನೂ ಕಣ್ಣಿಗೆ ಬಿದ್ದಿಲ್ಲ. ಫೋಟೋದಲ್ಲಿ ನೋಡಿದರೆ, ಬೆಂಕಿಪೊಟ್ಟಣದಲ್ಲಿ ಸಾಕ್ತಿದ್ದ ನಮ್ಮ ಜೀರ್ಜಿಂಬೆಯ ನೆಂಟನ ಹಾಗೆ ಮಿನುಗುತ್ತೆ.

ದೊಡ್ಡ ಕೆಲಸ ಇರೋದು ಮರದ ಕೆಳಗಿನ ಹುಲ್ಲಿನಲ್ಲಿ. ನೆಲದಲ್ಲಿ ಸಾರ ಹೆಚ್ಚಾದರೆ ಒರಟು ಹುಲ್ಲು ಸೊಕ್ಕಿ, ಕಾಡುಹೂವಿನ ಗಿಡಗಳನ್ನು ಮುಚ್ಚಿಹಾಕುತ್ತೆ. ಯುದ್ಧಕಾಲದ ಉಳುಮೆ, ಆಮೇಲೆ ಬಂದ ರಸಗೊಬ್ಬರ ಎಲ್ಲ ಸೇರಿ 1930ರ ದಶಕದಿಂದ 1984ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ತಗ್ಗು ಪ್ರದೇಶದ ಹೂವಿನ ಹುಲ್ಲುಗಾವಲಿನಲ್ಲಿ ಶೇ. 97ರಷ್ಟು ಹಾಳಾಯ್ತು. ಅದಕ್ಕೇ ನಾವು ಪ್ರತಿ ವರ್ಷ ಹುಲ್ಲು ಕೊಯ್ದು, ಒಂದು ಎಳೆಯೂ ಬಿಡದೆ ಬಾಚಿ ಹೊರಗೆ ಸಾಗಿಸ್ತೀವಿ. ಅಲ್ಲೇ ಬಿಟ್ಟರೆ ಕೊಳೆತು ಗೊಬ್ಬರವಾಗುತ್ತಲ್ಲ!

ಇದಕ್ಕೆ ಒಬ್ಬ ಸಹಾಯಕನೂ ಇದ್ದಾನೆ, ಯೆಲ್ಲೋ ರ‍್ಯಾಟಲ್ ಅನ್ನೋ ಹಳದಿ ಹೂವಿನ ಗಿಡ. ಇದರ ಬೇರು ಹುಲ್ಲಿನ ಬೇರಿಗೆ ಅಂಟಿಕೊಂಡು ಅದರ ಸತ್ವ ಹೀರುತ್ತೆ. ಹುಲ್ಲು ಸೊರಗಿದ ಕಡೆ ಬೇರೆ ಹೂಗಳಿಗೆ ಜಾಗ ಸಿಗುತ್ತೆ. ಬೀಜ ಬಲಿತಾಗ ಒಣಗಿದ ಕಾಯಿ ಗಲಗಲ ಅನ್ನುತ್ತೆ, ಥೇಟ್ ಬೀಜಕ್ಕೆ ಬಿಟ್ಟ ಅಪ್ಸೆಣಬಿನ ಹಾಗೆ. ಆ ಸದ್ದು ಕೇಳೋವರೆಗೂ ಕುಡುಗೋಲು ಎತ್ತೋ ಹಾಗಿಲ್ಲ. ಒಂದೇ ವರ್ಷ ಬದುಕೋ ಗಿಡ. ಬೀಜ ಉದುರೋ ಮೊದಲೇ ಕೊಯ್ದರೆ ಮುಂದಿನ ವರ್ಷಕ್ಕೆ ಏನೂ ಉಳಿಯಲ್ಲ.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲ ಕಣವ್ವಾ, ಇಲ್ಲಿ ನಮ್ಮ ಬದುವಿನ ಹುಲ್ಲು ಕೊಯ್ಯೋಕೆ ಆಳು ಸಿಕ್ತಿಲ್ಲ, ನೀನು ಅಲ್ಲಿ ಯಾರದ್ದೋ ಹುಲ್ಲು ಬಿಟ್ಟಿ ಕೊಯ್ತೀಯಾ?" ಅಂದರು. ಇಬ್ಬರೂ ನಕ್ಕೆವು. ಆದರೆ ಅವರಿಗೀಗ ಅರವತ್ತೇಳು. ಮುಂದೆ ಈ ಹೊಲ ನೋಡ್ಕೊಳ್ಳೋರು ಯಾರು ಅನ್ನೋ ಪ್ರಶ್ನೆ ಆ ನಗುವಿನೊಳಗೇ ಇತ್ತು.

ನನ್ನ ವೀಸಾ ಇರೋದು 5 ವರ್ಷಕ್ಕೆ. ಹೋದ ಚಳಿಗಾಲ ನೆಟ್ಟ ಸೇಬು ಮೈತುಂಬ ಕಾಯಿ ಬಿಡೋಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಜೊತೆಯಲ್ಲಿ ಗುಂಡಿ ತೋಡಿದ ಅಜ್ಜಿಗೆ ಎಪ್ಪತ್ತೆಂಟು. ಅವರು ಫಲದ ಲೆಕ್ಕ ಹಾಕಲೇ ಇಲ್ಲ. ಬೇಸಿಗೆಯಲ್ಲಿ ನೀರು ಹಾಕೋ ಸರದಿ ಯಾರದು ಅಂತಷ್ಟೇ ಕೇಳಿದರು.

ಈ ಶನಿವಾರಗಳು ಅಪ್ಪನ ಪ್ರಶ್ನೆಗೆ ಉತ್ತರ ಅಲ್ಲ, ನನಗೂ ಗೊತ್ತು. ಆದರೆ ಮೊದಲೆಲ್ಲ ಊಟ ಆಯ್ತಾ, ಚಳಿ ಹೆಂಗದೆ ಅನ್ನೋಷ್ಟಕ್ಕೇ ಮುಗೀತಿದ್ದ ಫೋನು ಈಗ ಉದ್ದವಾಗಿದೆ. ಗುಂಡಿ ಎಷ್ಟು ಆಳ ತೋಡ್ತಾರೆ, ಕಸಿ ಕಟ್ಟಿದ ಗಂಟು ಮಣ್ಣಿಗಿಂತ ಎಷ್ಟು ಮೇಲಿರಬೇಕು ಅಂತ ಕೇಳ್ತಾರೆ. ಹೊಲ ಮಾರೋ ಮಾತನ್ನು ಈ ವರ್ಷ ಅವರು ಎತ್ತಿಲ್ಲ. ನಾನೂ ಎತ್ತಿಲ್ಲ.