ಹುರುಳಿ ಹಾಸಿದ ದಾರಿಯಲ್ಲಿ ಟರ್ಬೊ ಕಾರು

ಮದ್ದೂರು ಪೇಟೆ ದಾಟಿ ಮಳವಳ್ಳಿಯ ಕಡೆ ತಿರುಗಿದರೆ ಹೆದ್ದಾರಿಯ ಗದ್ದಲ ಹಿಂದೆ ಉಳಿಯುತ್ತದೆ. ಕೆ.ಎಂ. ದೊಡ್ಡಿಯವರೆಗೂ ಎರಡೂ ಬದಿ ಕಬ್ಬು, ಭತ್ತ, ನಡುನಡುವೆ ತೆಂಗು. ಕಬ್ಬು ಅರೆಯುವ ದಿನಗಳಲ್ಲಿ ಸಕ್ಕರೆ ಕಾರ್ಖಾನೆಯತ್ತ ತೇಕುತ್ತ ಸಾಗುವ ಟ್ರ್ಯಾಕ್ಟರುಗಳ ಸಾಲು. ಇನ್ನೂ ಮುಂದೆ, ಮಳೆ ನಂಬಿದ ಹೊಲಗಳ ಸೀಮೆಯಲ್ಲಿ ಡಿಸೆಂಬರ್ ಬಂತೆಂದರೆ ಡಾಂಬರು ರಸ್ತೆಯೇ ಕಣ! ರಾಗಿ, ಹುರುಳಿಯನ್ನು ಮೊಣಕಾಲೆತ್ತರ ಹರಡಿ ರೈತರು ಬದಿಯ ಮರದಡಿ ಕೂರುತ್ತಾರೆ. ಹೋಗಿ ಬರುವ ಬಸ್ಸು, ಲಾರಿ, ಕಾರುಗಳ ಚಕ್ರಗಳೇ ರೋಣಗಲ್ಲು.

ರಸ್ತೆಯಲ್ಲಿ ಒಕ್ಕಣೆ ಮಾಡಬಾರದೆಂದು ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ. ಆದರೆ ಸಗಣಿ ಸಾರಿಸಿ ಕಣ ಮಾಡಲು ಊರಲ್ಲಿ ಆಳೂ ಇಲ್ಲ, ಎತ್ತೂ ಕಡಿಮೆ. ಹೀಗಾಗಿ ಪ್ರತಿ ಸುಗ್ಗಿಯಲ್ಲೂ ಅದೇ ಹಾಸು, ಅದೇ ಅಪಾಯ. ಒಣಗಿದ ಹುರುಳಿ ಬಳ್ಳಿ ರಾಗಿ ಹುಲ್ಲಿನಂತೆ ಚಕ್ರದಡಿ ಸುಮ್ಮನೆ ಮಲಗುವುದಿಲ್ಲ. ಆಕ್ಸಲ್ಲಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿನ ಮೇಲೆ ಗೂಡು ಕಟ್ಟಿ ಕೂರುತ್ತದೆ. ಇಂಥ ಹಾಸಿನ ಮೇಲೆ ಹೋದ ಕಾರುಗಳು ಹೊತ್ತಿ ಉರಿದದ್ದು ರಾಜ್ಯದ ಹಲವೆಡೆ ಆಗಿದೆ. ಕಾರಿನವನ ಕಾರೂ ಹೋಯಿತು, ರೈತನ ವರ್ಷದ ಬೆಳೆಯೂ ಹೋಯಿತು.

ವಾರದ ಕೊನೆಗೆ ಬೆಂಗಳೂರಿನಿಂದ ಮದ್ದೂರು ವಡೆಗೆ, ಶಿವನಸಮುದ್ರದ ಜಲಪಾತಕ್ಕೆ ಹೊರಡುವ ಕಾರುಗಳಲ್ಲಿ ಮಾಲೀಕರು ಮಾರ್ಪಡಿಸಿದ ಟರ್ಬೊ ಕಾರುಗಳೂ ಇರುತ್ತವೆ. ಇವುಗಳ ಒಡೆಯರಿಗೆ ಗ್ಯಾರೇಜಿನಲ್ಲಿ ಎದುರಾಗುವ ದೊಡ್ಡ ಪ್ರಶ್ನೆ ಒಂದೇ: ಹೊಗೆಕೊಳವೆಯನ್ನು ಎಲ್ಲಿಂದ ಹೊರಗೆ ತೆಗೆಯುವುದು? ಶಬ್ದ ಹೇಗಿರಬೇಕು, ಎಷ್ಟು ಅಶ್ವಶಕ್ತಿ ಹೆಚ್ಚೀತು ಎಂಬ ಲೆಕ್ಕದಲ್ಲೇ ಅದು ತೀರ್ಮಾನವಾಗಿಬಿಡುತ್ತದೆ. ಹುರುಳಿಯ ಲೆಕ್ಕ ಹಾಕುವವರು ಕಡಿಮೆ.

ಟರ್ಬೊದ ಗುಟ್ಟು ತಿಳಿಯಬೇಕಾದರೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೇ ಹೋಗಬೇಕು. ಅಲ್ಲಿ 1902ರಲ್ಲಿ ಕಾವೇರಿ ಟರ್ಬೈನ್ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಳು. ಮೂರು ವರ್ಷದ ನಂತರ, 1905ರಲ್ಲಿ, ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರ್ ಹೊಗೆಯಿಂದ ಚಕ್ರ ತಿರುಗಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ಮೀರುವ ಚಕ್ರ ಅದು! ಶಿವನಸಮುದ್ರದಲ್ಲಿ ದುಡಿದ ನೀರು ಹೊರಕಾಲುವೆಯಲ್ಲಿ ಸರಾಗವಾಗಿ ಹರಿದುಹೋಗಬೇಕು, ಇಲ್ಲವಾದರೆ ಚಕ್ರ ಸೊರಗುತ್ತದೆ. ಹೊಗೆಗೂ ಅದೇ ನ್ಯಾಯ. ಆದ್ದರಿಂದಲೇ ಟರ್ಬೊ ಪ್ರಿಯರಿಗೆ ಅಗಲವಾದ, ಗಿಡ್ಡದಾದ, ತಿರುವುಗಳಿಲ್ಲದ ಕೊಳವೆಯ ಮೇಲೆ ಮೋಹ.

ಮೋಹದ ಬೆಲೆ ಬಿಸಿ. ಜೋರಾಗಿ ಓಡುವ ಪೆಟ್ರೋಲ್ ಟರ್ಬೊಗೆ ನುಗ್ಗುವ ಹೊಗೆ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲುದು. ಒಣಹುಲ್ಲು ಹೊತ್ತಲು 300 ಡಿಗ್ರಿಯ ಆಸುಪಾಸು ಸಾಕು. ಕೊಳವೆ ಉದ್ದವಾದಷ್ಟೂ ತುದಿ ತಣ್ಣಗಾಗುತ್ತದೆ, ಗಿಡ್ಡವಾದಷ್ಟೂ ಬೆಂಕಿ ಹತ್ತಿರ. ಟರ್ಬೊ ದಾಟಿದ ಕೂಡಲೇ ಕೊಳವೆಯನ್ನು ನೆಲದತ್ತ ಬಾಗಿಸುವುದು ಅತಿ ಸುಲಭ, ಈ ಸೀಮೆಯ ಮಟ್ಟಿಗೆ ಅತಿ ಕೆಟ್ಟದ್ದು ಸಹ. ಬಾಗಿಲ ಕೆಳಗೆ ಪಕ್ಕಕ್ಕೆ ತೆಗೆದರೆ ನೋಟಕ್ಕೆ ರೇಸ್ ಕಾರು. ಎಡಕ್ಕೆ ತೆಗೆದರೆ ಮಾತ್ರ ಬಸ್ಸಿಗೆ ಕಾದು ನಿಂತ ಹೆಂಗಸರ ಸೀರೆಗೆ, ಸೈಕಲ್ಲಿನ ಶಾಲಾ ಮಕ್ಕಳ ಮುಖಕ್ಕೆ ಹೊಗೆ. ಬಾನೆಟ್ ಸೀಳಿ ಮೇಲಕ್ಕೆ ತೆಗೆದರೆ ಹುರುಳಿಗೇನೋ ಕ್ಷೇಮ, ಆದರೆ ಮುಂಗಾಜಿನ ಎದುರಿಗೇ ಕಾವು, ಮಳೆ ಬಂದರೆ ಕೊಳವೆಯೊಳಗೆ ನೀರು. ರೇಸಿನ ಅಂಕಣದಲ್ಲಿ ಸರಿ, ಮಳವಳ್ಳಿಯ ಸಂತೆ ಬೀದಿಗೆ ಅಲ್ಲ ಬಿಡಿ.

ಕಾನೂನು ಇದನ್ನೆಲ್ಲ ಮೊದಲೇ ಯೋಚಿಸಿದಂತಿದೆ. ಹೊಗೆ ಕೆಳಮುಖವಾಗಿ ಅಥವಾ ವಾಹನದ ಎಡಕ್ಕೆ ಹೋಗಕೂಡದು, ಕೊಳವೆಗೂ ಇಂಧನದ ನಳಿಕೆಗೂ ನಡುವೆ 35 ಮಿಲಿಮೀಟರಾದರೂ ಅಂತರ ಇರಬೇಕು ಎನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಅಷ್ಟೇ ಅಲ್ಲ, ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೂ ವೆಲ್ಡಿಂಗ್ ಕಿಡಿ ಆರಿಲ್ಲ.

ಹಾಗೆ ನೋಡಿದರೆ ಮಂಡ್ಯದ ಸೀಮೆ ಈ ಪ್ರಶ್ನೆಗೆ ತನ್ನದೇ ಉತ್ತರ ಕಂಡುಕೊಂಡಿದೆ. ಕಬ್ಬಿನ ಸಿಪ್ಪೆ ಉರಿಸುವ ಆಲೆಮನೆಯ ಹೊಗೆ ಚಿಮಣಿಯಲ್ಲಿ ಮೇಲಕ್ಕೆ. ಒಣ ತರಗು ಹಾಸಿದ ಗದ್ದೆಗಿಳಿಯುವ ಟ್ರ್ಯಾಕ್ಟರಿನ ಕೊಳವೆಯೂ ಸಾಮಾನ್ಯವಾಗಿ ಬಾನೆಟ್ಟಿನ ಮೇಲೆ ನೆಟ್ಟಗೆ ನಿಂತಿದೆ. ಉಳುವವನ ಮುಖಕ್ಕೆ ಒಂದಿಷ್ಟು ಹೊಗೆ ಬಡಿದರೂ ಪರವಾಗಿಲ್ಲ, ಕಾಲಡಿಯ ಸೋಗೆ ಉಳಿಯಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಿಂದ ಅದೇ ವರ್ಷದ ಆಗಸ್ಟ್‌ನಲ್ಲಿ ಟ್ರ್ಯಾಕ್ಟರನ್ನು ಹೊರಗಿಟ್ಟರು. ವೇಗದ ಕಾರಿಗೆ ಮಾತ್ರ ಟ್ರ್ಯಾಕ್ಟರಿನ ಹಳ್ಳಿ ದಾರಿ ಇಂದಿಗೂ ಮುಕ್ತ. ಟರ್ಬೊ ಮತ್ತು ಹುರುಳಿ ಮುಖಾಮುಖಿಯಾಗುವುದು ಅಲ್ಲೇ.

ಇಷ್ಟಾಗಿ ಕಾರಿಗೆ ಒಪ್ಪುವ ಜಾಗ ಹಳೆಯದೇ. ಹೊಟ್ಟೆಯಡಿಯ ಕಣಿವೆಯೊಳಗೆ ಎತ್ತರದಲ್ಲಿ ಸಾಗಿ, ಹಿಂದೆ ಬಲಗಡೆ ಬಂಪರಿನಾಚೆ ಹೊರಬರುವ ಕೊಳವೆ. ಬಂಪರಿನೊಳಗೇ ನಿಂತರೆ ಓಡುವ ಕಾರಿನ ಬೆನ್ನ ಹಿಂದಿನ ಸೆಳೆತಕ್ಕೆ ಹೊಗೆ ಡಿಕ್ಕಿಯೊಳಗೆ ನುಸುಳಬಹುದು. ಆದರೆ ಹುರುಳಿಯ ದಾರಿಯಲ್ಲಿ ಬಾಯಿಗಿಂತ ಹೊಟ್ಟೆಯದೇ ಚಿಂತೆ. ಟರ್ಬೊದಿಂದ ಇಳಿಯುವ ಕೊಳವೆ, ಅದರ ಹಿಂದಿನ ಕೆಟಲಿಟಿಕ್ ಕನ್ವರ್ಟರ್ ಎರಡೂ ಕೆಂಡದಂಥವು. ತೂಕ ಕಡಿಮೆಯಾಗಲೆಂದು ಅಲ್ಲಿನ ಶಾಖರಕ್ಷಕ ತಗಡನ್ನು ಕಿತ್ತವರೂ, ನೋಟಕ್ಕೆಂದು ಕಾರನ್ನು ಎರಡಿಂಚು ತಗ್ಗಿಸಿದವರೂ ಬಳ್ಳಿಯನ್ನು ಬೆಂಕಿಯ ಬಳಿಗೆ ತಾವೇ ಕರೆದಂತೆ. ಊರೂರಿಗೆ ಎದುರಾಗುವ ಹಂಪುಗಳು ಆ ತಗ್ಗಿದ ಹೊಟ್ಟೆಯನ್ನು ಉಜ್ಜುವುದು ಬೇರೆ.

ಹಾಸು ಕಂಡಾಗ ಬದಿಗೆ ಜಾಗವಿದ್ದರೆ ಸುತ್ತಿ ಹೋಗುವುದೇ ಲೇಸು. ದಾಟಲೇಬೇಕಾದರೆ ನಿಧಾನಕ್ಕೆ, ಹಾಸಿನ ನಡುವೆ ನಿಲ್ಲದೆ ದಾಟಬೇಕು. ಆಮೇಲೆ ಹುಲ್ಲಿಲ್ಲದ ಬರಿನೆಲ ನೋಡಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡಬೇಕು. ಸಿಕ್ಕ ಬಳ್ಳಿಯನ್ನು ಉದ್ದನೆಯ ಕೋಲಿನಿಂದ ಎಳೆಯಬೇಕು, ಕೈ ಹಾಕಬಾರದು. ಕೋಲು ಬೇಕಾದರೆ ಮರದಡಿ ಕೂತ ಯಜಮಾನರ ಬಳಿ ಒಂದಂತೂ ಇದ್ದೇ ಇರುತ್ತದೆ.