ಬಲ್ಮಠದ ಗುಡ್ಡ

ಯಾತ್ರೆಗಳಲ್ಲಿ ಎರಡು ಬಗೆಯುಂಟು. ಪಂಚಾಂಗ ನೋಡಿ, ಬುತ್ತಿ ಕಟ್ಟಿಕೊಂಡು, ಮರಳಿ ಬರುವ ದಿನವನ್ನು ಮನೆಯವರಿಗೆ ಹೇಳಿ ಹೊರಡುವುದು ಒಂದು ಬಗೆ. ನಾವೂ ನಮ್ಮ ವಾಚಕರೂ ಸಾಮಾನ್ಯವಾಗಿ ಮಾಡುವುದು ಇದನ್ನೇ. ಮರಳಿ ಬರುವೆವೋ ಇಲ್ಲವೋ ಎಂಬುದನ್ನು ತಾವೂ ಅರಿಯದೆ, ಕೇಳುವವರಿಗೂ ಹೇಳಲಾರದೆ ಹೊರಡುವುದು ಎರಡನೆಯ ಬಗೆ. ಈ ಎರಡನೆಯ ಬಗೆಯ ಯಾತ್ರಿಕರು ಬಂದು ನೆಲೆಸಿದ್ದ ಸ್ಥಳವೊಂದು ನಮ್ಮ ಕನ್ನಡನಾಡಿನಲ್ಲಿಯೇ ಇದೆ. ಅದೇ ಮಂಗಳೂರಿನ ಬಲ್ಮಠದ ಗುಡ್ಡ. ಕನ್ನಡ ಸಂಸ್ಕೃತಗಳನ್ನು ಪಾಠ ಹೇಳುತ್ತಿದ್ದಷ್ಟು ಕಾಲವೂ ನಮ್ಮ ಮೇಜಿನ ಮೇಲೆ ಕಿಟ್ಟೆಲ್ ಮಹಾಶಯರ ನಿಘಂಟು ಇರುತ್ತಿತ್ತು. ಅದು ಅಚ್ಚಾದ ಊರನ್ನೊಮ್ಮೆ ನೋಡಬೇಕೆಂಬ ಬಯಕೆ, ಕೆಲಸದಿಂದ ವಿಶ್ರಾಂತಿ ಪಡೆದ ಮೇಲೆ ಕೈಗೂಡಿತು.

ಮಳೆಗಾಲವು ಹಿಂದೆಗೆದ ಆಶ್ವಯುಜ ಮಾಸದಲ್ಲಿ ನಾವು ಅಲ್ಲಿಗೆ ಹೋದೆವು. ಹಂಪನಕಟ್ಟೆಯ ಗದ್ದಲವನ್ನು ಹಿಂದಿಟ್ಟು ಏರುದಾರಿಯಲ್ಲಿ ಮೆಲ್ಲಮೆಲ್ಲನೆ ನಡೆದರೆ ಬಲ್ಮಠವು ಸಿಕ್ಕುವುದು. ಇಂದು ಆ ದಾರಿಯ ಇಕ್ಕೆಲದಲ್ಲಿಯೂ ಎತ್ತರದ ಕಟ್ಟಡಗಳು, ಅಂಗಡಿಗಳು, ಎಡೆಬಿಡದ ವಾಹನಗಳು. ಆದರೆ ಆವರಣದೊಳಗೆ ಕಾಲಿಟ್ಟೊಡನೆ ಮರಗಳ ನೆರಳೂ ಒಂದು ಬಗೆಯ ಶಾಂತಿಯೂ ಇದಿರ್ಗೊಳ್ಳುವುವು. ಅಲ್ಲಿ ಶಾಂತಿ ಕೆಥೆಡ್ರಲ್ ಎಂಬ ದೇವಾಲಯವಿದೆ. ಕ್ರೈಸ್ತ ಬೋಧಕರನ್ನು ತಯಾರುಮಾಡುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇದೆ. ಕನ್ನಡದ ಎಷ್ಟೋ ಹಳೆಯ ಪುಸ್ತಕಗಳು ಅಚ್ಚಾಗಿ ಹೊರಟುದು ಬಾಸೆಲ್ ಮಿಶನ್ನಿನವರು 1841ರಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ. ನೋಡುವವರ ಕಣ್ಣಿಗೆ ಇವೆಲ್ಲ ಸುಸ್ಥಿರವಾಗಿ, ಮೊದಲೇ ಯೋಚಿಸಿ ಕಟ್ಟಿದಂತೆ ತೋರುವುದು. ಇದರ ಆರಂಭವು ಎಷ್ಟು ಅಸ್ಥಿರವಾಗಿತ್ತೆಂಬುದನ್ನು ತಿಳಿದರೆ ಮಾತ್ರ ಆ ಸ್ಥಳದ ಮಹತ್ತ್ವವು ಅರಿವಾದೀತು.

ಸ್ವಿತ್ಸರ್ಲೆಂಡ್ ದೇಶದ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಈ ಮಿಶನ್ ಸಂಸ್ಥೆಯು ಹುಟ್ಟಿತು. ಬ್ರಿಟಿಷರಲ್ಲದ ಮಿಶನರಿಗಳು ಹಿಂದೂದೇಶದಲ್ಲಿ ನೆಲೆಸುವುದಕ್ಕೆ 1833ರ ಶಾಸನದಿಂದ ಅವಕಾಶವಾಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಡಗನ್ನು ಏರಿದರು. ಆಗ ಸೂಯೆಜ್ ಕಾಲುವೆಯಿಲ್ಲ. ಆಫ್ರಿಕ ಖಂಡವನ್ನೇ ಸುತ್ತಿ ಬರಬೇಕು. ಸುಮಾರು ಮೂರು ತಿಂಗಳು ನೀರಿನ ಮೇಲೆ ಕಳೆದು ಅವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದರು. ಆ ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಇದೇ ಸಂಸ್ಥೆಯವರು 1828ರಲ್ಲಿ ಆಫ್ರಿಕದ ಚಿನ್ನದ ಕರಾವಳಿಗೆ, ಅಂದರೆ ಇಂದಿನ ಘಾನಾ ದೇಶಕ್ಕೆ, ನಾಲ್ವರು ತರುಣರನ್ನು ಕಳುಹಿಸಿದ್ದರು. ಅವರಲ್ಲಿ ಮೂವರು ಕೆಲವೇ ತಿಂಗಳೊಳಗೆ ತೀರಿಹೋದರು. ನಾಲ್ಕನೆಯವರು 1831ರಲ್ಲಿ ಗತಿಸಿದರು. 1832ರಲ್ಲಿ ಮತ್ತೆ ಮೂವರು ಹೋದರು. ಅವರಲ್ಲಿ ವೈದ್ಯರಾಗಿದ್ದವರೇ ಮೊದಲು ಸತ್ತರು; ಇನ್ನೊಬ್ಬರು ಅದೇ ವರ್ಷ ಹಿಂಬಾಲಿಸಿದರು. ಆಂಡ್ರಿಯಾಸ್ ರೀಸ್ ಎಂಬವರೊಬ್ಬರೇ, ಆ ದೇಶದ ನಾಟಿವೈದ್ಯನ ಶುಶ್ರೂಷೆಯಿಂದ, ಬದುಕಿ ಉಳಿದರು. ಎಂದರೆ, ಮಂಗಳೂರಿನ ಮೂವರು ಹಡಗನ್ನೇರುವ ಹೊತ್ತಿಗೆ, ಅವರಿಗಿಂತ ಮುಂಚೆ ಆ ಕರಾವಳಿಗೆ ಹೋದ ಏಳು ಮಂದಿಯಲ್ಲಿ ಆರು ಮಂದಿ ಮಣ್ಣಾಗಿದ್ದರು. ಆ ಆರು ಮಂದಿಯೂ ದೇವರನ್ನು ನಂಬಿಯೇ ಹೋದವರು. ಹಾಗಿದ್ದ ಮೇಲೆ, ದೇವರನ್ನು ನಂಬಿದವನಿಗೆ ಕೇಡಿಲ್ಲವೆಂಬ ಸುಲಭವಾದ ಮಾತು ಆ ಮೂವರಿಗೆ ಆಸರೆಯಾಗಿರಲಾರದು. ಅವರ ನಂಬಿಕೆಯು ಬೇರೆ ಯಾವುದೋ ಆಗಿದ್ದಿರಬೇಕು.

ಬಂದ ಮೇಲಾದರೂ ನೆಮ್ಮದಿಯಿತ್ತೆ? 1837ರ ಏಪ್ರಿಲಿನಲ್ಲಿ ಕಲ್ಯಾಣಸ್ವಾಮಿಯ ದಂಡು ಮಂಗಳೂರನ್ನು ವಶಮಾಡಿಕೊಂಡು, ಬಲ್ಮಠಕ್ಕೆ ಸಮೀಪದ ಬಾವುಟಗುಡ್ಡದ ಮೇಲೆ ತನ್ನ ಬಾವುಟವನ್ನು ಏರಿಸಿತು. ಜ್ವರ, ಭೇದಿ, ಅರಿಯದ ಭಾಷೆ, ತಾಳಲಾರದ ಸೆಕೆ ಇವು ಅವರಿಗೆ ನಿತ್ಯದ ಸಂಗಾತಿಗಳು. ಊರಿಗೆ ಬರೆದ ಕಾಗದವು ಹೋಗಿ ಉತ್ತರವು ಬರುವಷ್ಟರಲ್ಲಿ ತಿಂಗಳುಗಟ್ಟಲೆ ಕಾಲ ಕಳೆಯುತ್ತಿತ್ತು. ಕ್ಷೇಮವನ್ನು ಕೇಳಿ ಬರೆದ ಕಾಗದವು ತಲಪುವ ವೇಳೆಗೆ ಓದಬೇಕಾದವರೇ ಇಲ್ಲದಿರುವುದೂ ಉಂಟು.

ಈ ಪತ್ರಿಕೆಯನ್ನೋದುವ ಗೃಹಿಣಿಯರು ವಿಶೇಷವಾಗಿ ತಿಳಿಯಬೇಕಾದುದು ಮತ್ತೊಂದಿದೆ. ಆ ಸಂಸ್ಥೆಯ ನಿಯಮದಂತೆ ತರುಣರು ಅವಿವಾಹಿತರಾಗಿಯೇ ಹೊರಡಬೇಕಾಗಿತ್ತು. ಕೆಲವು ವರ್ಷಗಳಾದ ಮೇಲೆ, ಮೇಲಿನವರ ಅಪ್ಪಣೆ ದೊರೆತರೆ, ಅವರಿಗಾಗಿ ಸ್ವದೇಶದಿಂದ ಕನ್ಯೆಯನ್ನು ಕಳುಹಿಸುತ್ತಿದ್ದರು. ಅನೇಕ ವೇಳೆ ಆ ಕನ್ಯೆಯು ತನ್ನ ವರನನ್ನು ಕಣ್ಣಿಂದ ಕಂಡವಳೇ ಅಲ್ಲ. ಮಕ್ಕಳಾದರೆ, ಅವರು ಇನ್ನೂ ಎಳೆಯರಾಗಿರುವಾಗಲೇ ಯುರೋಪಿಗೆ ಕಳುಹಿಸಬೇಕು. ತಲಚೇರಿಯಲ್ಲಿ 1842ರಲ್ಲಿ ಹುಟ್ಟಿದ ಮರಿ ಗುಂಡರ್ಟ್ ಎಂಬ ಹುಡುಗಿಯನ್ನು ಹೀಗೆಯೇ ಶೈಶವದಲ್ಲಿ ಯುರೋಪಿನಲ್ಲಿ ಬಿಟ್ಟುಬಂದರು. ಆಕೆ ಮತ್ತೆ ತಂದೆತಾಯಿಗಳನ್ನು ಸೇರಿದ್ದು 1857ರಲ್ಲಿ, ಪ್ರಾಯಕ್ಕೆ ಬಂದ ಮೇಲೆ. ಆಕೆಯ ತಂದೆ ಮಲೆಯಾಳದ ನಿಘಂಟುಕಾರರು. ಆಕೆಯ ಮಗನೇ ಮುಂದೆ ಪ್ರಸಿದ್ಧ ಲೇಖಕನಾದ ಹೆರ್ಮನ್ ಹೆಸ್ಸೆ. ಅಷ್ಟು ವರ್ಷ ಮಗುವಿನ ಮುಖವನ್ನು ಕಾಣದೆ ಇದ್ದ ತಾಯಿಯ ಮನಸ್ಸನ್ನು ಯಾವ ಚರಿತ್ರೆಯೂ ಪೂರ್ತಿಯಾಗಿ ಬರೆಯಲಾರದು.

ಇವರು ಮಾಡಿದುದೆಲ್ಲ ನಮಗೆ ಒಪ್ಪಿಗೆಯೆಂದು ಯಾರೂ ತಿಳಿಯಬಾರದು. ನಮ್ಮ ದೇವತೆಗಳನ್ನೂ ಆಚಾರಗಳನ್ನೂ ಕುರಿತು ಆ ಕಾಲದ ಮಿಶನರಿಗಳು ಬರೆದ ಕಟುವಾದ ಮಾತುಗಳು ನಮಗೆ ನೋವನ್ನುಂಟುಮಾಡುವುವು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣನು 1844ರ ಜನವರಿಯಲ್ಲಿ ದೀಕ್ಷಾಸ್ನಾನವನ್ನು ಪಡೆದಾಗ ಊರೆಲ್ಲ ಕಲಕಿಹೋಯಿತು. ಅವನನ್ನು ಕಳೆದುಕೊಂಡ ಮನೆಯವರ ದುಃಖವೂ, ತನ್ನವರನ್ನೆಲ್ಲ ಬಿಟ್ಟ ಅವನ ದುಃಖವೂ ಸಾಮಾನ್ಯವಲ್ಲ. ಆದರೆ ಆತನ ಮುಂದಿನ ಕಥೆಯನ್ನೂ ಹೇಳಬೇಕು. ಆತನು 1846ರಲ್ಲಿ ತಾನೇ ಸಮುದ್ರವನ್ನು ದಾಟಿ ಬಾಸೆಲಿಗೆ ಹೋಗಿ, ಅಲ್ಲಿ ವ್ಯಾಸಂಗಮಾಡಿ 1851ರಲ್ಲಿ ಹಿಂದಿರುಗಿದನು. 1860ರಲ್ಲಿ ಮರಿ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯು ಆತನನ್ನು ವರಿಸಲು ಈ ದೂರದೇಶಕ್ಕೆ ಬಂದಳು. ಅಂಧಕಾರದಲ್ಲಿ ಹೆಜ್ಜೆಯಿಡುವ ಧೈರ್ಯವು ಒಂದೇ ದೇಶದವರ ಸೊತ್ತಲ್ಲ.

ಈಗ ಆ ಗುಡ್ಡದ ಮೇಲೆ ನಡೆದ ಕೆಲಸವನ್ನು ನೋಡೋಣ. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಮಹಾಶಯರು ತಮ್ಮ ಮತವನ್ನು ಬೋಧಿಸುವುದಕ್ಕಾಗಿಯೇ ಕನ್ನಡವನ್ನು ಕಲಿತರು. ಕಲಿತಂತೆಲ್ಲ ಆ ಭಾಷೆಯೇ ಅವರನ್ನು ಹಿಡಿದುಕೊಂಡಿತು. 1843ರ ಜುಲೈ 1ರಂದು ಅವರು ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು, ಬೆಲೆ ಒಂದು ದುಡ್ಡು. ಮರುವರ್ಷವೇ ಅದನ್ನು ಬಳ್ಳಾರಿಗೆ ಒಯ್ಯಬೇಕಾಯಿತು. ಕ್ರಿಸ್ತನ ಕಥೆಯನ್ನು ಹೇಳಲು ಬಂದವರ ಅಚ್ಚುಕೂಟವು ಜೈಮಿನಿ ಭಾರತವನ್ನೂ, ಬಸವಪುರಾಣವನ್ನೂ, ದಾಸರ ಪದಗಳನ್ನೂ ಅಚ್ಚುಹಾಕಿತು! 1860ರಲ್ಲಿ ಮೋಗ್ಲಿಂಗರು ಈ ನಾಡನ್ನು ಬಿಟ್ಟುಹೋದರು, ಮತ್ತೆ ಬರಲಿಲ್ಲ. ಅವರು ಹೊರಟ ಆ ಪುಟ್ಟ ಪತ್ರಿಕೆಯ ಹುಟ್ಟುದಿನವನ್ನೇ ಕನ್ನಡಿಗರು ಇಂದು ಪತ್ರಿಕಾದಿನವೆಂದು ಆಚರಿಸುತ್ತಾರೆ.

1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರ ಕಥೆಯು ಇನ್ನೂ ಮನಸ್ಸನ್ನು ಕರಗಿಸುವುದು. 1860ರಲ್ಲಿ ಮದುವೆಯಾದ ಅವರ ಪತ್ನಿ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಕಿಟ್ಟೆಲರು ಕೆಲಸವನ್ನು ಬಿಡಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಪ್ರಕಟಿಸಿದರು. ನಿಘಂಟಿಗಾಗಿ ದಶಕಗಳ ಕಾಲ ಶಬ್ದಗಳನ್ನು ಕೂಡಿಹಾಕಿದರು. ಮುಗಿಯುವವರೆಗೆ ತಾವು ಬದುಕಿರುವೆವೆಂದು ಅವರಿಗೆ ಯಾರೂ ಮಾತು ಕೊಟ್ಟಿರಲಿಲ್ಲ. 1894ರಲ್ಲಿ ಆ ಗ್ರಂಥವು ಮಂಗಳೂರಿನಲ್ಲಿ ಹೊರಬಂದಾಗ ಅದರಲ್ಲಿ ಸುಮಾರು 70,000 ಶಬ್ದಗಳಿದ್ದುವು. ಅವರು ಆ ವೇಳೆಗೆ ಜರ್ಮನಿಗೆ ಹಿಂದಿರುಗಿದ್ದರು. ಕನ್ನಡ ವ್ಯಾಕರಣವು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ ನಗರದಲ್ಲಿ ಕಾಲವಾದರು.

ಮಾರನೆಯ ದಿನ ನಾವು ನೇತ್ರಾವತಿಯ ಕಡೆಗಿರುವ ಜೆಪ್ಪುವಿಗೆ ಹೋದೆವು. ಮತಾಂತರ ಹೊಂದಿದವರು ಮನೆಯನ್ನೂ ಕುಲಕಸಬನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಅನ್ನದ ದಾರಿಯೊಂದನ್ನು ಕಲ್ಪಿಸಬೇಕಾಗಿತ್ತು. ಮೊದಲು ನೇಯ್ಗೆಯನ್ನು ಆರಂಭಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಹೊಳೆಯ ದಡದ ಜೇಡಿಮಣ್ಣಿನಿಂದ ಹಂಚುಗಳನ್ನು ಮಾಡಿಸಿದರು. ಮಂಗಳೂರು ಹಂಚೆಂದು ಹೆಸರಾದುದು ಅದೇ. ಅದನ್ನು ಹೊದಿಸಿದ ಮನೆಗಳಲ್ಲಿ ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಹುಟ್ಟಿ ಬೆಳೆದಿರಬಹುದು. ಇಷ್ಟೆಲ್ಲ ಬೆಳೆದ ಮೇಲೆ 1914ರಲ್ಲಿ ಮಹಾಯುದ್ಧವು ಬಂದಿತು. ಜರ್ಮನ್ ಮಿಶನರಿಗಳು ಶತ್ರುದೇಶದವರೆನಿಸಿದರು. ಅನೇಕರು ಅಹಮದ್‌ನಗರದ ಶಿಬಿರದಲ್ಲಿ ಬಂಧಿತರಾದರು. ಕಾರ್ಖಾನೆಗಳು ಸಂಸ್ಥೆಯ ಕೈಬಿಟ್ಟು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕೂಟಕ್ಕೆ ಸೇರಿದುವು. ಎಂಬತ್ತು ವರ್ಷಗಳಲ್ಲಿ ಕಟ್ಟಿದುದು ಒಂದು ಆಜ್ಞೆಯಿಂದ ಪರಾಧೀನವಾಯಿತು.

ನಮ್ಮ ಶಾಸ್ತ್ರಗಳಲ್ಲಿ ಶರಣಾಗತಿಗೆ ಹಲವು ಅಂಗಗಳನ್ನು ಹೇಳಿ, ಅವುಗಳಲ್ಲಿ ‘ಮಹಾವಿಶ್ವಾಸ’ವನ್ನು ಮುಖ್ಯವೆಂದು ಎಣಿಸಿದ್ದಾರೆ. ಅದಕ್ಕೆ ಎರಡು ದೃಷ್ಟಾಂತಗಳು. ಕೋತಿಯ ಮರಿಯು ತಾಯಿಯನ್ನು ತಾನೇ ಬಿಗಿಯಾಗಿ ಅವುಚಿಕೊಳ್ಳುವುದು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಿಂದ ಕಚ್ಚಿ ಎತ್ತಿಕೊಂಡು ಹೋಗುವುದು. ಇವೆರಡರಲ್ಲಿ ಯಾವುದು ಮೇಲೆಂದು ಪಂಡಿತರು ಬಹುಕಾಲ ವಾದಿಸಿದ್ದಾರೆ. ಬಲ್ಮಠದವರ ಬಾಳನ್ನು ನೋಡಿದರೆ ಎರಡೂ ಬೇಕೆಂದು ತೋರುವುದು. ಹಗಲೆಲ್ಲ ಅವರು ಕೋತಿಯ ಮರಿಗಳು: ಶಬ್ದವನ್ನು ಬರೆದುಕೊಳ್ಳುವುದು, ಅಚ್ಚಿನ ತಪ್ಪನ್ನು ತಿದ್ದುವುದು, ಮಣ್ಣನ್ನು ಕಲಸುವುದು. ಕೈಯನ್ನು ಸಡಿಲಿಸುವಂತಿರಲಿಲ್ಲ. ಆ ಕೆಲಸವು ಎಲ್ಲಿಗೆ ಮುಟ್ಟುವುದು, ತಾವು ಯಾವ ಮಣ್ಣಿನಲ್ಲಿ ಸೇರುವೆವು ಎಂಬ ವಿಷಯದಲ್ಲಿ ಮಾತ್ರ ಅವರು ಬೆಕ್ಕಿನ ಮರಿಗಳು; ಎತ್ತಿಕೊಂಡವನು ಎಲ್ಲಿ ಇಳಿಸಿದರೂ ಸರಿ. ಅವರು ಬೇಡಿದ ಫಲವು ಬೇಡಿದಷ್ಟು ದೊರೆಯಲಿಲ್ಲ. ಬೇಡದಿದ್ದ ಫಲವನ್ನು ಇಂದು ಮತಭೇದವಿಲ್ಲದೆ ಕನ್ನಡಿಗರೆಲ್ಲರೂ ಅನುಭವಿಸುತ್ತಿದ್ದೇವೆ. ದೇವರಲ್ಲಿ ಭರವಸೆಯಿಡುವುದೆಂದರೆ, ನಾವು ಎಣಿಸಿದಂತೆಯೇ ನಡೆಯುವುದೆಂಬ ಧೈರ್ಯವಲ್ಲ; ಎಣಿಸಿದಂತೆ ನಡೆಯದಿದ್ದರೂ ಇಂದಿನ ಕೆಲಸವು ವ್ಯರ್ಥವಲ್ಲವೆಂಬ ಧೈರ್ಯ.

ಈಗಿನ ಕಾಲದಲ್ಲಿ ಮಗನನ್ನೋ ಮಗಳನ್ನೋ ಸಮುದ್ರದಾಚೆಗೆ ಕಳುಹಿಸದ ಮನೆಗಳೇ ಕಡಿಮೆ. ಕ್ಷಣಮಾತ್ರದಲ್ಲಿ ಮುಖವನ್ನು ನೋಡಿ ಮಾತನಾಡುವ ಸೌಕರ್ಯವಿದ್ದರೂ ರಾತ್ರಿ ನಿದ್ದೆ ಬಾರದೆ ಹೊರಳುವ ತಂದೆತಾಯಿಗಳು ಎಷ್ಟು ಮಂದಿ! ನಾಳೆಯನ್ನು ಅರಿಯುವ ಉಪಾಯವು ಅಂದೂ ಇರಲಿಲ್ಲ, ಇಂದೂ ಇಲ್ಲ. ಅಂತಹವರು ಮಂಗಳೂರಿಗೆ ಹೋದಾಗ, ದೇವಾಲಯಗಳನ್ನೂ ಕಡಲನ್ನೂ ನೋಡಿಯಾದ ಮೇಲೆ, ಒಂದು ಗಳಿಗೆ ಬಲ್ಮಠದ ಮರಗಳ ಕೆಳಗೆ ಕುಳಿತು ಬರಲಿ. ಮನೆಗೆ ಬಂದು ಕಿಟ್ಟೆಲರ ನಿಘಂಟು ಸಿಕ್ಕಿದರೆ ಯಾವುದಾದರೂ ಒಂದು ಪುಟವನ್ನು ತೆರೆದು ಓದಲಿ. ಒಂದೊಂದು ಶಬ್ದವನ್ನೂ ಒಂದೊಂದು ದಿನ, ನಾಳೆಯ ಗೊತ್ತಿಲ್ಲದವನೊಬ್ಬನು ಬರೆದಿಟ್ಟಿದ್ದಾನೆ.